ಪಿರಮಿಡ್ ಕಟ್ಟಿದವರು ಗುಲಾಮರಲ್ಲ

ಈಜಿಪ್ಟಿನ ಪರಂಪರೆ ಬಗ್ಗೆ ನೀವು ಬರೆದ ಲೇಖನದ ಉಳಿದ ಭಾಗ ಇಷ್ಟವಾಯಿತು. ಆದರೆ 'ಲಕ್ಷಾಂತರ ಗುಲಾಮರು ಚಾಟಿ ಏಟಿಗೆ ಹೆದರಿ ಪಿರಮಿಡ್ ಕಟ್ಟಿದರು' ಎಂಬ ಸಾಲು ಮಾತ್ರ ಒಪ್ಪುವಂಥದ್ದಲ್ಲ. 1990ರಲ್ಲಿ ಗೀಜಾದಲ್ಲಿ, ಪಿರಮಿಡ್‌ಗಳ ಸಮೀಪವೇ ಕೆಲಸಗಾರರ ಸಮಾಧಿಗಳು ಸಿಕ್ಕವು. ಅಲ್ಲಿನ ಅಸ್ಥಿಪಂಜರಗಳಲ್ಲಿ ಮುರಿದು ಸರಿಯಾಗಿ ಕೂಡಿಕೊಂಡ ಮೂಳೆಗಳಿವೆ. ಅಂದರೆ ಗಾಯವಾದವರಿಗೆ ಚಿಕಿತ್ಸೆ ಸಿಗುತ್ತಿತ್ತು. ಗುಲಾಮರನ್ನು ರಾಜನ ಸಮಾಧಿಯ ಪಕ್ಕದಲ್ಲಿ ಯಾರಾದರೂ ಹೂಳುತ್ತಾರಾ?

ಇನ್ನೂ ದೊಡ್ಡ ಸಾಕ್ಷಿ 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಸಿಕ್ಕಿತು. ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಅದು. ಸುಮಾರು 4,500 ವರ್ಷ ಹಳೆಯದು. ಟೂರಾ ಗಣಿಯಿಂದ ಸುಣ್ಣದಕಲ್ಲನ್ನು ದೋಣಿಗೆ ತುಂಬಿ, ನೈಲ್ ಮತ್ತು ಕಾಲುವೆಗಳ ಮೂಲಕ ಗೀಜಾದಲ್ಲಿ ರಾಜ ಖುಫುವಿನ ಪಿರಮಿಡ್‌ಗೆ ತಲುಪಿಸಿದ ಲೆಕ್ಕ ಅದರಲ್ಲಿದೆ. ಯಾವ ದಿನ ಅವನ ತಂಡ ಎಲ್ಲಿತ್ತು, ಎಲ್ಲಿ ರಾತ್ರಿ ಕಳೆಯಿತು, ಎಲ್ಲವೂ! ಚಾಟಿಗೆ ಹೆದರಿದ ಗುಲಾಮರದ್ದಲ್ಲ, ಲೆಕ್ಕವಿಟ್ಟು ದುಡಿದ ತಂಡದ ಚಿತ್ರ ಇದು.

ಎಲ್ಲರೂ ಖುಷಿಯಿಂದಲೇ ಬಂದರು ಅಂತ ನಾನು ಹೇಳುತ್ತಿಲ್ಲ. ರಾಜನಿಗಾಗಿ ಸರದಿಯಲ್ಲಿ ದುಡಿಯುವುದು ಕಡ್ಡಾಯವೇ ಆಗಿತ್ತು. ಆದರೂ ಅದು ಗುಲಾಮಗಿರಿಗಿಂತ ಬೇರೆ, ಅಲ್ವಾ?

ಪರಂಪರೆ ಅಂದಾಗ ಬರೀ ಕಲ್ಲು, ಮಮ್ಮಿ, ಚಿನ್ನದ ಬಗ್ಗೆ ಬರೆದಿದ್ದೀರಿ. ಪಿರಮಿಡ್‌ಗಳ ಕಾಲಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, ಮೂರನೇ ರಾಮ್ಸೆಸ್‌ನ ಆಳ್ವಿಕೆಯಲ್ಲಿ, ರಾಜರ ಸಮಾಧಿ ಕಟ್ಟುವವರ ಹಳ್ಳಿಯಾದ ದೈರ್ ಅಲ್-ಮದೀನಾದ ಕುಶಲಕರ್ಮಿಗಳು ಕೂಲಿಯ ಧಾನ್ಯ ಬರಲಿಲ್ಲವೆಂದು ಕೆಲಸ ನಿಲ್ಲಿಸಿ ದೇವಸ್ಥಾನಗಳ ಬಳಿ ಧರಣಿ ಕೂತರು. ದಾಖಲೆ ಉಳಿದಿರುವ ಮುಷ್ಕರಗಳಲ್ಲಿ ನಮಗೆ ಗೊತ್ತಿರುವ ಅತಿ ಹಳೆಯದು ಅದೇ. ಅದನ್ನು ಬಿಟ್ಟಿದ್ದು ನನಗೆ ನಿಜಕ್ಕೂ ಬೇಸರ ತಂದಿತು.