ತಾಜ್ ಮುಂದೆ ಯಾರೂ ಇಲ್ಲ

ನಮ್ಮ ಮನೆಯ ಆಲ್ಬಮ್ಮಿನಲ್ಲಿ ಆಗ್ರಾದ ಒಂದು ಫೋಟೊ ಇದೆ. ಅಪ್ಪ, ಅಮ್ಮ, ಚಿಕ್ಕಪ್ಪನ ಸಂಸಾರ, ನಾನು, ಒಟ್ಟು ಏಳು ಜನ. ತಾಜ್‌ಮಹಲ್ ಎಲ್ಲಿ ಅಂತ ಕೇಳಿದವರಿಗೆ ಚಿಕ್ಕಪ್ಪನ ಬಲಗಿವಿಯ ಪಕ್ಕದ ಮಿನಾರು ತೋರಿಸುತ್ತೇವೆ.

200 ವರ್ಷದ ಹಿಂದಿನ ಆಗ್ರಾದ ಚಿತ್ರಗಾರರು ಇದನ್ನು ನೋಡಿದ್ದರೆ ನಕ್ಕುಬಿಡುತ್ತಿದ್ದರು. 1803ರಲ್ಲಿ ಊರು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ದೊರೆಗಳೂ ದೊರೆಸಾನಿಯರೂ ತಾಜ್ ನೋಡಲು ಬರತೊಡಗಿದರು. ನೋಡಿದ ಮೇಲೆ ಊರಿಗೆ ಏನಾದರೂ ಒಯ್ಯಬೇಕಲ್ಲ? ಆಗಿನ್ನೂ ಕ್ಯಾಮೆರಾ ಬಂದಿರಲಿಲ್ಲ. ಚಿತ್ರಗಾರರು ಗಿರಾಕಿಯ ರುಚಿ ಹಿಡಿದರು. ವಿಲಾಯ್ತಿ ಕಾಗದ, ನೀರುಬಣ್ಣ, ಅಡಿಪಟ್ಟಿ, ಕೈವಾರ. ತಾಜ್, ನೂರ್‌ಜಹಾನಳ ಅಪ್ಪ ಇತ್ಮದುದ್ದೌಲನ ಗೋರಿ, ಅಕ್ಬರನ ಗೋರಿ ಇರುವ ಸಿಕಂದ್ರಾದ ಹೆಬ್ಬಾಗಿಲು, ಎಲ್ಲ ಸಾಲಾಗಿ ತಯಾರಾದವು. ಬೇಡಿಕೆ ಇದ್ದ ಚಿತ್ರವನ್ನು ಮತ್ತೆ ಮತ್ತೆ ಬರೆದರು.

ನನಗೆ ಇಡೀ ತಾಜ್‌ಗಿಂತ ಅದರ ಒಂದೊಂದು ತುಂಡನ್ನು ತೋರಿಸುವ ಹಾಳೆಗಳೇ ಜಾಸ್ತಿ ಇಷ್ಟ. ಮುಮ್ತಾಜಳ ಗೋರಿಯ ಮೇಲೆ ಬಣ್ಣದ ಕಲ್ಲು ಕೂರಿಸಿ ಮಾಡಿದ ಹೂಬಳ್ಳಿ ಇದೆಯಲ್ಲ, ಪರ್ಚಿನ್‌ಕಾರಿ, ಅದನ್ನು ಕಾಗದಕ್ಕೆ ಇಳಿಸುವುದು ಆಟವಲ್ಲ. ಒಂದೇ ಎಸಳಿನಲ್ಲಿ ಕೆಂಪು ಬುಡದಲ್ಲಿ ದಟ್ಟ, ತುದಿಗೆ ಹೋಗುತ್ತಾ ತೆಳು. ಕಲ್ಲು ಕೆತ್ತಿದವನು ಅದಕ್ಕೆ ತಕ್ಕ ಚೂರುಗಳನ್ನು ಹುಡುಕಿ ಕೂರಿಸಿದ್ದ. ಕುಂಚ ಹಿಡಿದವನು ಅದನ್ನು ನೀರು ಬೆರೆಸಿಯೇ ತರಬೇಕು. ಎರಡನೆಯದು ಸುಲಭ ಅನ್ನಿಸುತ್ತದೆ, ಅಲ್ವಾ? ಒಂದು ಹನಿ ಜಾಸ್ತಿಯಾದರೆ ಹಾಳೆಯೇ ದಂಡ.

ಇಷ್ಟೆಲ್ಲ ಮಾಡಿದವರಲ್ಲಿ ಹೆಚ್ಚಿನವರ ಹೆಸರೇ ಉಳಿದಿಲ್ಲ. ಲತೀಫ್ ಅನ್ನುವಂಥ ಒಂದೆರಡು ಹೆಸರು ಸಿಗುತ್ತವೆ, ಅಷ್ಟೇ. ತಾವು ಬರೆದ ಕಟ್ಟಡದ ಮುಂದೆ ಎಷ್ಟೋ ಸಲ ಒಬ್ಬ ಮನುಷ್ಯನನ್ನೂ ನಿಲ್ಲಿಸದವರು, ತಮ್ಮನ್ನು ಮಾತ್ರ ನಿಲ್ಲಿಸಿಕೊಳ್ಳುತ್ತಾರೆಯೇ?

1850ರ ದಶಕಕ್ಕೆ ಕಂಪನಿಯ ವೈದ್ಯ ಜಾನ್ ಮರ್ರೆ ಆಗ್ರಾದಲ್ಲಿ ಕ್ಯಾಮೆರಾ ಹೂಡಿ ತಾಜ್ ಹಿಡಿಯತೊಡಗಿದ್ದ. ಕುಂಚದ ವ್ಯಾಪಾರ ಮೆಲ್ಲಗೆ ಇಳಿಯಿತು.

ಅವನ ವಂಶಕ್ಕೆ ಸೇರಿದವನೇ ಇರಬೇಕು ನಮ್ಮ ಫೋಟೊಗ್ರಾಫರ್. ನನ್ನೊಬ್ಬನನ್ನೇ ಬೆಂಚಿನ ಮೇಲೆ ಹತ್ತಿಸಿ, ಕೈ ಎತ್ತಿಸಿ, ಗುಂಬಜದ ತುದಿಯನ್ನು ಚಿವುಟಿ ಹಿಡಿಯಲು ಹೇಳಿದ. ಹತ್ತು ನಿಮಿಷದಲ್ಲಿ ಪ್ರಿಂಟ್ ಬಂತು. ನಾನು ಗಾಳಿಯನ್ನು ಗಟ್ಟಿಯಾಗಿ ಹಿಡಿದಿದ್ದೇನೆ. ಗುಂಬಜ ಎರಡು ಬೆರಳಷ್ಟು ಈಚೆಗಿದೆ.