ಸಂವಿಧಾನ ಹೇಳುವ ‘ವ್ಯಕ್ತಿ’ ಯಾರು?

ಕಳೆದ ವಾರ ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಕಟ್ಟುತ್ತಿರುವ ಮನೆಯೊಂದರ ಮುಂದೆ ಹತ್ತಾರು ಜನ ಸೇರಿದ್ದರು. ಅಲ್ಲಿನ ತಗಡಿನ ಶೆಡ್ಡಿನಲ್ಲಿದ್ದುಕೊಂಡು ಗಾರೆ ಕೆಲಸ ಮಾಡುವ, ಕನ್ನಡ ಬಾರದ ಹುಡುಗನೊಬ್ಬನನ್ನು ‘ಬಾಂಗ್ಲಾದವನಿರಬೇಕು’ ಎಂಬ ಗುಮಾನಿಯ ಮೇಲೆ ನಿಲ್ಲಿಸಿಕೊಂಡು ಆಧಾರ್ ಕೇಳುತ್ತಿದ್ದರು. ಆತ ಹಾಲಿನ ಖಾಲಿ ಪ್ಯಾಕೆಟ್ಟಿನಲ್ಲಿ ಸುತ್ತಿಟ್ಟಿದ್ದ ಕಾರ್ಡನ್ನು ತೆಗೆದುಕೊಟ್ಟ. ಅದರ ಮೇಲೆ ಅವನ ಹೆಬ್ಬೆರಳಿನ ಸಿಮೆಂಟು ಮೆತ್ತಿಕೊಂಡಿತು. ವಿಳಾಸ ಪಶ್ಚಿಮ ಬಂಗಾಳದ್ದು. ಹೀಗೆ ಕೇಳಲು ನಮಗೇನು ಅಧಿಕಾರವಿದೆ ಎಂದು ನಾನು ಬಾಯಿ ಹಾಕಿದಾಗ, ದಿನವೂ ನನ್ನ ಜೊತೆ ವಾಕಿಂಗ್ ಬರುವ ಹಿರಿಯರೊಬ್ಬರು, ‘ಹಕ್ಕು ಗಿಕ್ಕು ಎಲ್ಲ ನಮ್ಮ ದೇಶದೋರಿಗೆ ರೀ ಮೇಷ್ಟ್ರೇ, ಇಂಥೋರಿಗಲ್ಲ’ ಎಂದರು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಮಾತು ಪೂರ್ತಿ ಸುಳ್ಳೇನಲ್ಲ. ಮಾತನಾಡುವ, ಸಭೆ ಸೇರುವ, ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ, ಇಷ್ಟಬಂದ ಕಸುಬು ಮಾಡುವ ಹಕ್ಕುಗಳನ್ನು 19ನೇ ವಿಧಿ ನಾಗರಿಕರಿಗಷ್ಟೇ ಕೊಟ್ಟಿದೆ. ಆದರೆ ಕಾನೂನಿನ ಮುಂದೆ ಸಮಾನತೆಯನ್ನು ಹೇಳುವ 14ನೇ ವಿಧಿಯಲ್ಲೂ, ಜೀವ ಮತ್ತು ಸ್ವಾತಂತ್ರ್ಯದ ಮಾತಾಡುವ 21ನೇ ವಿಧಿಯಲ್ಲೂ ‘ನಾಗರಿಕ’ ಎಂಬ ಪದವಿಲ್ಲ, ‘ವ್ಯಕ್ತಿ’ ಎಂದಿದೆ. ಒಂದೇ ಅಧ್ಯಾಯದಲ್ಲಿ ಎರಡು ಪದಗಳನ್ನು ಬೇರೆ ಬೇರೆಯಾಗಿ ಬಳಸಿದವರು ಕೈತಪ್ಪಿ ಹಾಗೆ ಬರೆದಿರಲಾರರು. 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಾಗರಿಕನಾಗಿರಲಿ ಇಲ್ಲದಿರಲಿ, ಪ್ರತಿ ಮನುಷ್ಯನ ಜೀವ ಕಾಯುವುದು ಸರ್ಕಾರದ ಹೊಣೆಯೆಂದು ಹೇಳಿತು. ಅಕ್ರಮವಾಗಿ ಬಂದವರನ್ನು ಕಾನೂನಿನ ಪ್ರಕಾರ ಹೊರಗೆ ಕಳಿಸಲು ಸರ್ಕಾರಕ್ಕೆ ಅಧಿಕಾರವಿದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಅಧಿಕಾರ ಬೀದಿಯಲ್ಲಿ ಸೇರಿದ ನಮ್ಮದಲ್ಲ.

ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಒಬ್ಬನು ನಾಗರಿಕನೇ ಅಲ್ಲವೇ, ಕಳ್ಳನೇ ಅಲ್ಲವೇ ಎಂಬುದು ಗೊತ್ತಾಗುವುದು ವಿಚಾರಣೆಯ ಕೊನೆಯಲ್ಲಿ. ಹಕ್ಕು ಬೇಕಾಗುವುದು ಅದರ ಮೊದಲಲ್ಲಿ. ದಸ್ತಗಿರಿಯ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುವ 22ನೇ ವಿಧಿ (ಮುಂಜಾಗ್ರತಾ ಬಂಧನಕ್ಕೆ ಮತ್ತು ಶತ್ರುದೇಶದವರಿಗೆ ಅದರಲ್ಲಿ ವಿನಾಯಿತಿಗಳಿವೆ) ‘ಮೊದಲು ನಾಗರಿಕನೆಂದು ಸಾಬೀತು ಮಾಡು, ಆಮೇಲೆ ನೋಡೋಣ’ ಎಂದಿದ್ದರೆ, ಹಿಡಿದವನೇ ನ್ಯಾಯಾಧೀಶನೂ ಆಗುತ್ತಿದ್ದ. ಆಧಾರ್ ಪೌರತ್ವದ ಪುರಾವೆಯಲ್ಲವೆಂದು ಆಧಾರ್ ಕಾಯ್ದೆಯೇ ಹೇಳುತ್ತದೆಯಾದ್ದರಿಂದ, ಅಂದು ನಮ್ಮ ಬೀದಿಯಲ್ಲಿ ನಡೆದ ತಪಾಸಣೆಯಿಂದ ಏನೂ ಸಾಬೀತಾಗುವಂತಿರಲಿಲ್ಲ.

ನಾಗರಿಕರಾಗಿದ್ದರೆ ಸಾಕು ಎನ್ನುವವರು 1975ರ ತುರ್ತುಪರಿಸ್ಥಿತಿಯನ್ನು ನೆನೆಯಬೇಕು. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿಯವರು ನಾಗರಿಕರಷ್ಟೇ ಅಲ್ಲ, ಸಂಸತ್ ಸದಸ್ಯರೂ ಆಗಿದ್ದರು. ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿಗಳನ್ನು ಆಲಿಸಬಹುದೆಂದಿದ್ದರೂ, 1976ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಅವರಿಗೆ ಬಾಗಿಲು ಮುಚ್ಚಿದರು, ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ತುರ್ತುಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿಡಕೂಡದೆಂಬ 44ನೇ ತಿದ್ದುಪಡಿ ಬಂದದ್ದು ಆ ಅನುಭವದ ನಂತರ, 1978ರಲ್ಲಿ. ಆ ಹಳೆಯ ತೀರ್ಪು ರದ್ದಾಗಲು 2017 ಬರಬೇಕಾಯಿತು, ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇದೇ ಆಧಾರ್ ವಿಚಾರವಾಗಿ ಹೂಡಿದ್ದ ಪ್ರಕರಣದಲ್ಲಿ.

ಸಂಜೆ ಶೆಡ್ಡಿನ ಹತ್ತಿರ ಹೋಗಿ, ಇನ್ನೊಮ್ಮೆ ಯಾರಾದರೂ ತೊಂದರೆ ಕೊಟ್ಟರೆ ಕೋರ್ಟಿನಲ್ಲಿ ಉಚಿತ ಕಾನೂನು ನೆರವು ಕೊಡುವ ಕಚೇರಿಯಿದೆ ಎಂದು ನನ್ನ ಹರಕು ಮುರಕು ಹಿಂದಿಯಲ್ಲಿ ಹೇಳಿದೆ. ‘ಕೋರ್ಟ್’ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಆತ ಎದ್ದು ನಿಂತು ಮತ್ತೆ ಆ ಹಾಲಿನ ಪ್ಯಾಕೆಟ್ಟಿಗೆ ಕೈ ಹಾಕಿದ.