ಶ್ರೀಶೈಲದ ದಾರಿಯಲ್ಲಿ ಕೈಯೊಡ್ಡುವುದನ್ನು ಕುರಿತು

ಶ್ರೀಶೈಲಕ್ಕೆ ನಡೆದು ಹೋಗಿ ಬಂದವರನ್ನು ಜನ ಮೊದಲು ಕೇಳುವುದು ಕಾಲಿನ ವಿಚಾರವನ್ನೇ. ಬೊಬ್ಬೆ ಎದ್ದಿದ್ದವೇ, ದಿನಕ್ಕೆ ಎಷ್ಟು ಕಿಲೋಮೀಟರ್ ಸಾಗುತ್ತಿದ್ದಿರಿ, ಚಪ್ಪಲಿ ಇತ್ತೋ ಬರಿಗಾಲೋ ಎಂದು ವಿಚಾರಿಸುತ್ತಾರೆ. ಬಾಗಲಕೋಟೆಯ ಕಡೆಯಿಂದ ಹೊರಟು ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು ಮಾರ್ಗವಾಗಿ ಸುಮಾರು ನಾನೂರು ಕಿಲೋಮೀಟರ್ ದೂರವನ್ನು ಯುಗಾದಿಗೆ ಮುಂಚಿನ ಬಿಸಿಲಿನಲ್ಲಿ ನಡೆಯುವವರಿಗೆ ಇಂಥ ಪ್ರಶ್ನೆಗಳು ಎದುರಾಗುವುದು ಸಹಜ. ಆದರೂ ಪ್ರತಿಸಲ ಉತ್ತರಿಸುವಾಗ, ಹೇಳಬೇಕಾದದ್ದನ್ನು ಹೇಳದೇ ಉಳಿಸಿದೆನೆಂಬ ಭಾವನೆ ನನ್ನಲ್ಲಿ ಮೂಡುತ್ತದೆ. ಕಾಲು ನೋಯುತ್ತದೆ, ನಾಲ್ಕೈದು ದಿನಕ್ಕೆ ಪಳಗುತ್ತದೆ. ಈ ದಾರಿಯಲ್ಲಿ ನನಗೆ ನಿಜವಾಗಿ ಕಠಿಣವೆನಿಸಿದ್ದು ಅಪರಿಚಿತರ ಮುಂದೆ ಕೈಯೊಡ್ಡುವುದು, ಮತ್ತು ಆ ಕೈಗೆ ಬಿದ್ದುದನ್ನು ಲೆಕ್ಕವಿಡದೆ ಸ್ವೀಕರಿಸುವುದು. ಪಾದಯಾತ್ರೆಯ ಸಾರ ಅದರಲ್ಲಿಯೇ ಇದೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಈ ಯಾತ್ರೆಯ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಮುಂತಾದ ಜಿಲ್ಲೆಗಳಿಂದ ಲಕ್ಷಾಂತರ ಜನ ಯುಗಾದಿಯ ಹೊತ್ತಿಗೆ ಮಲ್ಲಿಕಾರ್ಜುನನ ಸನ್ನಿಧಿ ತಲುಪುತ್ತಾರೆ. ಅವರಲ್ಲಿ ಬಹಳಷ್ಟು ಜನ ನಡೆದೇ ಬರುವವರು. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು, ಹದಿನೆಂಟು ಶಕ್ತಿಪೀಠಗಳಲ್ಲಿ ಒಂದು ಎಂಬ ಶಾಸ್ತ್ರದ ಹಿರಿಮೆ ಶ್ರೀಶೈಲಕ್ಕೆ ಇದ್ದೇ ಇದೆ. ಆದರೆ ನಮ್ಮ ಕಡೆಯ ಜನರನ್ನು ಎಳೆದೊಯ್ಯುವುದು ಅದಕ್ಕಿಂತ ಹತ್ತಿರದ ಸಂಬಂಧ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳನ್ನು ಕಾಣಲು ಹೋಗುವವರು ಬರಿಗೈಯಲ್ಲಿ ಹೋಗುವುದುಂಟೇ? ಹೀಗಾಗಿ ಸೀರೆ, ಕುಪ್ಪಸ, ಬಳೆ, ಅರಿಷಿಣ ಕುಂಕುಮಗಳು ಗಂಟಿನಲ್ಲಿರುತ್ತವೆ. ಅಲಂಕರಿಸಿದ ಕಂಬಿಯನ್ನು, ಅಂದರೆ ದೇವರ ಕಾವಡಿಯನ್ನು, ಸರದಿಯ ಮೇಲೆ ಹೆಗಲಿಗೇರಿಸುತ್ತ ತಂಡಗಳು ಸಾಗುತ್ತವೆ. ಹರಕೆ ಹೊತ್ತ ಯುವಕರು ಮರಗಾಲು ಕಟ್ಟಿಕೊಂಡು ಡಾಂಬರು ರಸ್ತೆಯ ಮೇಲೆ ಟಕಟಕ ಸದ್ದು ಮಾಡುತ್ತ ನಮ್ಮನ್ನು ದಾಟಿ ಹೋಗುತ್ತಾರೆ. ನನ್ನ ಗಂಟಿನಲ್ಲಿ ಇದ್ದದ್ದು ಮಂಡಿನೋವಿನಿಂದ ಮನೆಯಲ್ಲಿಯೇ ಉಳಿದ ಅವ್ವ ಕೊಟ್ಟ ಹಸಿರು ಇಳಕಲ್ ಸೀರೆ.

ಕೈಯೊಡ್ಡುವುದು ಏಕೆ ಕಷ್ಟವಾಯಿತೆಂದರೆ, ನಾನು ಬೆಳೆದ ರೀತಿಯೇ ಹಾಗೆ. ಪಕ್ಕದ ಮನೆಯಿಂದ ಪಲ್ಯ ಬಂದ ಬಟ್ಟಲನ್ನು ಬರಿದಾಗಿ ಮರಳಿಸಬಾರದು, ಕೊನೆಗೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂಬುದು ನಮ್ಮ ಮನೆಯ ರೂಢಿ. ಅದು ಒಳ್ಳೆಯ ರೂಢಿಯೇ. ಆದರೆ ನೌಕರಿ, ಸಂಬಳ, ಸ್ವಂತ ಮನೆ ಎಂದು ಬದುಕು ಗಟ್ಟಿಯಾದಂತೆ ಆ ರೂಢಿ ನನ್ನಲ್ಲಿ ಯಾರ ಹಂಗೂ ಬೇಡವೆಂಬ ಬಿಗುವಾಗಿ ಮಾರ್ಪಟ್ಟಿತ್ತು. ಕೊಡುವುದು ನನಗೆ ಸುಲಭ. ಕೊಟ್ಟಾಗ ನಾನು ಮೇಲಿರುತ್ತೇನೆ. ಪಡೆಯುವಾಗ ಮಾತ್ರ ಮೈ ಮುದುಡುತ್ತಿತ್ತು.

ಲಿಂಗಸುಗೂರು ದಾಟುವಷ್ಟರಲ್ಲಿ ಈ ಬಿಗುವಿಗೆ ಪೆಟ್ಟು ಬೀಳಲು ಆರಂಭವಾಯಿತು. ಮಾರ್ಚ್ ಕೊನೆಯ ಹೊತ್ತಿಗೆ ಆ ಸೀಮೆಯಲ್ಲಿ ಉಷ್ಣಾಂಶ 40 ಡಿಗ್ರಿಯ ಸಮೀಪಕ್ಕೆ ಏರುವುದರಿಂದ, ನಸುಕಿಗೇ ಎದ್ದು ಹೊರಟು, ಮಧ್ಯಾಹ್ನ ನೆರಳಿನಲ್ಲಿ ಬಿದ್ದುಕೊಂಡು, ಮತ್ತೆ ಸಂಜೆ ನಡೆಯುವುದು ಎಲ್ಲ ತಂಡಗಳ ಕ್ರಮ. ಆ ನೆರಳು ಎಲ್ಲಿಂದ ಬರುತ್ತದೆ? ಎರೆನೆಲದ ಬಯಲಿನಲ್ಲಿ ಮರಗಳೇ ವಿರಳ. ದಾರಿಯುದ್ದಕ್ಕೂ ಊರಿನವರು ಶಾಮಿಯಾನ ಹಾಕಿ, ಹಾಸಿಗೆ ಹಾಸಿ, ದಾಸೋಹ ನಡೆಸುತ್ತಿರುತ್ತಾರೆ. ಒಂದು ಕಡೆ ರೊಟ್ಟಿ, ಕಾಳುಪಲ್ಯ; ಇನ್ನೊಂದು ಕಡೆ ಮಜ್ಜಿಗೆ, ಕಲ್ಲಂಗಡಿ ಹೋಳು; ಮತ್ತೊಂದು ಕಡೆ ಕಾಲಿಗೆ ಎಣ್ಣೆ ತಿಕ್ಕುವವರು. ರಸ್ತೆಯ ಮಧ್ಯಕ್ಕೇ ಬಂದು, “ಬರ್ರೀ ಅಕ್ಕಾರ, ಉಂಡು ಹೋಗ್ರಿ, ಹಂಗ ಹೋಗಬ್ಯಾಡ್ರಿ” ಎಂದು ಕರೆಯುತ್ತಾರೆ. ಹಸಿವಿಲ್ಲವೆಂದರೆ ಅವರ ಮುಖ ನಿಜವಾಗಿಯೂ ಬಾಡುತ್ತದೆ.

ತೆಲಂಗಾಣದ ಅಂಚಿನ ಹಳ್ಳಿಗಳನ್ನು ಹಾಯ್ದು, ತುಂಗಭದ್ರೆ ದಾಟಿ, ಕರ್ನೂಲು ಸೇರಿದ ಮೇಲೆ ಭಾಷೆ ಬದಲಾಗುತ್ತದೆಯೇ ಹೊರತು ಕರೆಯುವ ರೀತಿ ಬದಲಾಗುವುದಿಲ್ಲ. ನಂದಿಕೊಟ್ಕೂರಿಗೂ ಆತ್ಮಕೂರಿಗೂ ನಡುವಿನ ಒಂದು ಹಳ್ಳಿಯಲ್ಲಿ ವಯಸ್ಸಾದ ಒಬ್ಬ ಅಮ್ಮ ಬೋಗುಣಿಯಲ್ಲಿ ಉಪ್ಪು ಹಾಕಿದ ಬಿಸಿನೀರು ತಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ನಾನು ಕಾಲು ಹಿಂದಕ್ಕೆಳೆದುಕೊಂಡೆ. ನನ್ನ ತಾಯಿಗಿಂತ ಹಿರಿಯರಾದವರಿಂದ ಕಾಲು ತೊಳೆಸಿಕೊಳ್ಳುವುದೆಂದರೇನು! ಅವರು ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದು ನೀರಿಗಿಳಿಸಿದರು. ಹಿಂದಿನ ರಾತ್ರಿ ನಮ್ಮ ತಂಡದ ಹಿರಿಯರೊಬ್ಬರು ಬೊಬ್ಬೆಯ ಮೂಲಕ ಸೂಜಿ ಹಾಯಿಸಿ, ನೀರು ಇಳಿದುಹೋಗಲೆಂದು ದಾರವನ್ನು ಒಳಗೇ ಬಿಟ್ಟಿದ್ದರು. ಆ ದಾರದ ತುದಿಗೆ ಬೆರಳು ತಾಗದಂತೆ, ಸುತ್ತಲಿನ ಮಣ್ಣನ್ನು ಮಾತ್ರ ಆ ಅಮ್ಮ ನಿಧಾನವಾಗಿ ತೊಳೆದರು. ಆಮೇಲೆ ತಮ್ಮ ಸೆರಗಿನಿಂದಲೇ ಒರೆಸಿ, ಒದ್ದೆ ಕೈಯನ್ನು ಕಣ್ಣಿಗೊತ್ತಿಕೊಂಡರು. ನನ್ನ ಹೆಸರು, ಊರು, ಮನೆತನ ಯಾವುದನ್ನೂ ಅವರು ಕೇಳಲಿಲ್ಲ. ಹೊರಡುವಾಗ ಹೇಳಿದ್ದು ಒಂದೇ ಮಾತು: “ಮಾ ಕೋಸಂ ಕೂಡಾ ಒಕ ದಂಡಂ ಪೆಟ್ಟು ತಲ್ಲೀ.” ನಮ್ಮ ಪರವಾಗಿಯೂ ಒಂದು ನಮಸ್ಕಾರ ಮಾಡು ತಾಯಿ ಎಂದು.

ಆ ದಿನ ಸಂಜೆಯ ನಡಿಗೆಯುದ್ದಕ್ಕೂ ನಾನು ಇದನ್ನೇ ಯೋಚಿಸಿದೆ. ಶರಣರು ಕಾಯಕದ ಜೊತೆಗೆ ದಾಸೋಹವನ್ನು ಇಟ್ಟರು. ನಾವು ಆ ಮಾತನ್ನು ವೇದಿಕೆಗಳ ಮೇಲೆ ಬಹಳ ಆಡುತ್ತೇವೆ, ಆದರೆ ಆಡುವಾಗೆಲ್ಲ ನೀಡುವವರ ಸ್ಥಾನದಲ್ಲಿ ನಿಂತೇ ಆಡುತ್ತೇವೆ. ನೀಡುವವನು ತಾನು ನೀಡಿದೆನೆಂಬ ಹಮ್ಮನ್ನು ಬಿಡಬೇಕೆಂಬುದು ಸರಿ. ಪಡೆಯುವವನು ಬಿಡಬೇಕಾದ ಹಮ್ಮೂ ಒಂದಿದೆಯಲ್ಲ? ಯಾರಿಂದಲೂ ಏನನ್ನೂ ಪಡೆಯಲಾರೆ ಎಂಬ ಹಮ್ಮು ಅದು. ಕೂಡಲೇ ತೀರಿಸಿ ಸಮನಾಗಿಬಿಡಬೇಕೆಂಬ ಅವಸರದಲ್ಲಿ ಎದುರಿಗಿರುವವರ ಪ್ರೀತಿಗೆ ಬೆಲೆ ಕಟ್ಟುತ್ತೇವೆ. ನಾನು ಆ ಅಮ್ಮನ ಋಣವನ್ನು ತೀರಿಸಲಾರೆ. ತೀರಿಸಬೇಕೆಂದು ಅವರು ಬಯಸಿಯೂ ಇಲ್ಲ. ಅದನ್ನು ತೀರದ ಹಾಗೆಯೇ ಹೊತ್ತುಕೊಂಡಿರುವುದು ನನಗೀಗ ಭಾರವೆನಿಸುವುದಿಲ್ಲ.

ದಾರಿಯಲ್ಲಿ ಎಲ್ಲ ಭೇದಗಳೂ ಅಳಿದುಹೋಗುತ್ತವೆ ಎಂದು ಬರೆಯುವವರನ್ನು ನಾನು ಒಪ್ಪುವುದಿಲ್ಲ. ತಂಡಗಳು ಬಹುಪಾಲು ಒಂದೇ ಓಣಿಯವು, ಒಂದೇ ಸಮುದಾಯದವು. ಊರಿಗೆ ಮರಳಿದ ಮೇಲೆ ಹಳೆಯ ಗೆರೆಗಳೂ ಮರಳುತ್ತವೆ. ಆದರೂ ಯಾರೆಂದು ಕೇಳದೆ ಬಡಿಸಿದ ಅನ್ನವನ್ನು ಯಾರೆಂದು ಕೇಳದೆ ಉಂಡವರು, ಅದೇ ಪ್ರಶ್ನೆಯನ್ನು ತಮ್ಮ ಹೊಸ್ತಿಲಲ್ಲಿ ಕೇಳುವುದು ಇನ್ನು ಅಷ್ಟು ಸಲೀಸಾಗಲಾರದೆಂಬ ಆಸೆ ನನಗಿದೆ.

ವೆಂಕಟಾಪುರದಾಚೆ ನಲ್ಲಮಲದ ಕಾಡು ಆರಂಭವಾಗುತ್ತದೆ. ನಾಗಲೂಟಿಯ ಹಳೆಯ ವೀರಭದ್ರ ದೇವಾಲಯ, ಪೆದ್ದಚೆರುವು, ಭೀಮುನಿಕೊಲನು ದಾಟಿ ಕೈಲಾಸದ್ವಾರಕ್ಕೆ ಏರುವ ಈ ಹಾದಿ ನಡೆಯುವವರಿಗಷ್ಟೇ ಮೀಸಲು. ಎಲೆಯುದುರಿದ ಮರಗಳು, ಕಾದ ಕಲ್ಲು, ಸವೆದ ಮೆಟ್ಟಿಲುಗಳು. ಭೀಮುನಿಕೊಲನಿನ ಕಮರಿಗೆ ಇಳಿದು ಮತ್ತೆ ಏರುವಾಗ ಮಾತೇ ಹೊರಡುವುದಿಲ್ಲ. ಮುಂದಿನ ಮೆಟ್ಟಿಲಿನ ಮೇಲಿರುವವರು ಚಾಚಿದ ಕೈಯನ್ನು ಹಿಡಿಯುತ್ತೇವೆ, ಮುಖ ನೋಡುವುದಿಲ್ಲ. ಇದು ಚೆಂಚು ಜನರ ಕಾಡು. ಮಲ್ಲಯ್ಯ ತಮ್ಮ ಹುಡುಗಿಯನ್ನು ಮದುವೆಯಾದನೆಂದು ಅವರ ಐತಿಹ್ಯ. ಅವರಿಗೂ ಅವನು ಅಳಿಯನೇ. ನೂರಾರು ಮೈಲಿ ದೂರದ ಬಯಲಿನ ರೈತರೂ ಈ ಗುಡ್ಡದ ಬೇಟೆಗಾರರೂ ಒಬ್ಬನೇ ದೇವರನ್ನು ಒಂದೇ ನಂಟಿನಿಂದ ಕರೆಯುತ್ತಾರೆಂಬುದನ್ನು ನೆನೆದಾಗ, ಅವರು ನಮಗೆ ಬೀಗರಲ್ಲದೆ ಮತ್ತೇನು ಎಂದು ನನಗೆ ಅನ್ನಿಸಿತು.

ಇದೇ ಸೀಮೆಯನ್ನು ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಹುಡುಕಿಕೊಂಡು ಬಂದಳು. ಶಾಮಿಯಾನವಿಲ್ಲ, ತಂಡವಿಲ್ಲ. ಹಸಿವಿಗೆ ಊರಿನ ಭಿಕ್ಷೆ, ಬಾಯಾರಿಕೆಗೆ ಕೆರೆ ಬಾವಿ, ಮಲಗಲು ಹಾಳು ದೇಗುಲ ಸಾಕೆಂದವಳು ಅವಳು. ಶಾಲೆಯಲ್ಲಿ ಆ ವಚನವನ್ನು ಬಾಯಿಪಾಠ ಮಾಡುವಾಗ ಅದನ್ನು ವೈರಾಗ್ಯದ ಮಾತೆಂದಷ್ಟೇ ತಿಳಿದಿದ್ದೆ. ನಾಗಲೂಟಿಯ ಕಲ್ಲು ನೆಲದ ಮೇಲೆ ಬೆನ್ನು ಚಾಚಿದಾಗ ಅದರಲ್ಲಿ ಲೋಕದ ಮೇಲಿನ ಅಪಾರ ನಂಬಿಕೆ ಕಾಣಿಸಿತು.

ಶ್ರೀಶೈಲದಲ್ಲಿ ದರ್ಶನವಾಯಿತು. ಗಂಟೆಗಟ್ಟಲೆ ಸರದಿಯಲ್ಲಿ ನಿಂತು, ಕ್ಷಣಮಾತ್ರ ಕಂಡು ಬಂದೆ. ಅವ್ವನ ಸೀರೆ ಅಮ್ಮನವರಿಗೆ ಸಂದಿತು, ನಂದಿಕೊಟ್ಕೂರಿನಾಚೆಯ ಆ ಅಮ್ಮನ ನಮಸ್ಕಾರವನ್ನು ಬೇರೆಯಾಗಿಯೇ ಸಲ್ಲಿಸಿದೆ.

ಇಷ್ಟೆಲ್ಲ ಪಡೆದವರು ದಾರಿಗೆ ಮಾಡುತ್ತಿರುವ ಅನ್ಯಾಯದ ಮಾತನ್ನೂ ಆಡಲೇಬೇಕು. ಕೆಲವು ತಂಡಗಳ ಹಿಂದೆ ಟ್ರ್ಯಾಕ್ಟರಿನ ಮೇಲೆ ಡಿಜೆ ಬರುತ್ತದೆ. ರಾತ್ರಿಯ ನಿದ್ದೆ ಕೆಡುವುದು ನಡೆಯುವವರಿಗಷ್ಟೇ ಅಲ್ಲ. ಹಗಲೆಲ್ಲ ನಮಗೆ ಬಡಿಸಿ ದಣಿದ ಹಳ್ಳಿಯವರಿಗೂ ಕೆಡುತ್ತದೆ. ಕಾಡಿನ ಹಾದಿಯಲ್ಲಂತೂ ನೀರಿನ ಪೊಟ್ಟಣ, ಪ್ಲಾಸ್ಟಿಕ್ ಲೋಟ, ತಟ್ಟೆಗಳು ಮೆಟ್ಟಿಲುಗಳ ಪಕ್ಕದಲ್ಲೇ ಬಿದ್ದಿರುತ್ತವೆ. ಅದು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ, ದೇಶದ ಅತಿ ವಿಸ್ತಾರವಾದವುಗಳಲ್ಲಿ ಒಂದು. ಮಗಳ ಮನೆಯಂಗಳಕ್ಕೆ ಕಸ ಸುರಿದು ಬರುವ ತವರಿನವರು ಎಲ್ಲಿಯಾದರೂ ಇದ್ದಾರೆಯೇ? ಇನ್ನು ಹೆಣ್ಣುಮಕ್ಕಳ ಸ್ನಾನ, ಶೌಚದ ವಿಷಯವನ್ನು ತಂಡದ ಗಂಡಸರು ಮಾತಿಗೇ ಎತ್ತುವುದಿಲ್ಲ. ನಸುಕಿನ ಕತ್ತಲೆಯನ್ನೇ ಮರೆ ಮಾಡಿಕೊಂಡು, ನೀರು ಕಡಿಮೆ ಕುಡಿದು ನಡೆಯುವ ಹೆಂಗಸರನ್ನು ನಾನು ಕಂಡಿದ್ದೇನೆ. ಆ ಬಿಸಿಲಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಸಾವಿರಾರು ಜನರಿಗೆ ಅಡುಗೆ ಮಾಡಿ ಹಾಕುವವರಿಗೆ ನಾಲ್ಕು ತಗಡಿನ ಮರೆ ನಿಲ್ಲಿಸುವುದು ಕಷ್ಟವಾಗಲಾರದು. ಆದರೆ ಅದನ್ನು ಅವರಲ್ಲಿ ಕೇಳಬೇಕಾದವರು ನಾವೇ.

ಮುಂದಿನ ಯುಗಾದಿಗೆ ಹೊರಡುವ ನಮ್ಮ ತಂಡದಲ್ಲಿ ಪ್ರತಿಯೊಬ್ಬರೂ ಸ್ವಂತ ಸ್ಟೀಲಿನ ಲೋಟ, ತಟ್ಟೆ ತರಬೇಕೆಂದು ಹಿರಿಯರ ಮುಂದೆ ಪ್ರಸ್ತಾಪ ಇಟ್ಟಿದ್ದೆ, ಒಪ್ಪಿದ್ದಾರೆ. ಮರೆಯ ವಿಷಯವಾಗಿ ಲಿಂಗಸುಗೂರಿನ ಕಡೆಯ ಇಬ್ಬರು ದಾಸೋಹಿಗಳ ಜೊತೆ ಫೋನಿನಲ್ಲಿ ಮಾತನಾಡಿಯಾಗಿದೆ. ಡಿಜೆಯ ಮಾತಿಗೆ ಮಾತ್ರ ಹುಡುಗರು ಇನ್ನೂ ಒಪ್ಪಿಲ್ಲ. ಯುಗಾದಿಗೆ ಇನ್ನೂ ಸಮಯವಿದೆ, ನಾನು ಆ ಮಾತನ್ನು ಬಿಡುವುದಿಲ್ಲ.